ಮೂವತ್ತೈದರ ಕೆಳಗಿನ ಚುಕ್ಕಿಗಳು

ಕಿಟಕಿಯ ಪಕ್ಕದ ಮೊಳೆಗೆ ಒಂದು ಪ್ಯಾಂಟು ತೂಗುಹಾಕಿದೆ. ಬೂದು ಬಣ್ಣದ ಟೆರಿಕಾಟ್. ಮೊಣಕಾಲಿನ ಬಳಿ ಬಟ್ಟೆಗೆ ಕೂತು ಎದ್ದು ಸವೆದ ಒಂದು ಮಂಕು ಹೊಳಪು. ಸೊಂಟದ ಪಟ್ಟಿಯ ಹಿಂಭಾಗವನ್ನು ಬಿಚ್ಚಿರುವುದರಿಂದ ಅದು ಎರಡು ಕಡೆಗೂ ಬಾಗಿ ಬಿದ್ದಿದೆ; ಒಳಗೆ ಮಡಚಿಟ್ಟಿದ್ದ ಬಟ್ಟೆ ಬೆಳಕಿಗೆ ಬಂದಿದೆ. ಹೊರಗಿನದು ಏಳು ವರ್ಷದ ಬಿಸಿಲು, ಸೋಪು, ಇಸ್ತ್ರಿಗಳಿಂದ ಬಿಳಚಿಕೊಂಡಿದ್ದರೆ, ಒಳಗಿನದು ಥಾನಿನಿಂದ ಕತ್ತರಿಸಿದ ದಿನದಷ್ಟೇ ಗಾಢವಾಗಿದೆ. ಬಿಳಚಿಗೂ ಗಾಢಕ್ಕೂ ನಡುವೆ ಮೂರು ಗೆರೆಗಳು. ಹಳೆಯ ಹೊಲಿಗೆಯನ್ನು ಬಿಚ್ಚಿದ ಮೇಲೆ ಸೂಜಿ ಉಳಿಸಿಹೋದ ಸಣ್ಣ ತೂತುಗಳ ಸಾಲುಗಳು ಅವು. ಮೊದಲನೆಯ ಗೆರೆಗೂ ಎರಡನೆಯದಕ್ಕೂ ನಡುವೆ ಒಂದು ಬೆರಳಿನ ಅಂತರ. ಎರಡನೆಯದಕ್ಕೂ ಮೂರನೆಯದಕ್ಕೂ ಅದಕ್ಕಿಂತ ತುಸು ಹೆಚ್ಚು. ಮೂರನೆಯದರ ಆಚೆ ಬಟ್ಟೆಯೇ ಮುಗಿದಿದೆ. ಸೀಮೆಸುಣ್ಣದ ಒಂದು ಗುರುತು ಇನ್ನೂ ಮುಂದೆ ಹೋಗಬೇಕೆಂದು ಹೊರಟು, ಅಂಚಿನಲ್ಲಿ ಬಿಚ್ಚಿಕೊಂಡ ನೂಲುಗಳ ನಡುವೆ ನಿಂತುಬಿಟ್ಟಿದೆ.

ಆ ಪ್ಯಾಂಟು ಹೀಗೆ ತೂಗಿದ್ದು ೨೦೦೭ರ ಜನವರಿಯಲ್ಲಿ, ಹತ್ತೊಂಬತ್ತು ದಿನ. ಈಗ ಆ ಮೊಳೆ ಖಾಲಿ.

ಪ್ಯಾಂಟು ಜಂಬಣ್ಣನದು. ನಾನು ಅವನ ದರ್ಜಿ, ಷಣ್ಮುಖಪ್ಪ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ನಲವತ್ತು ವರ್ಷ ಹೊಲಿದವನು. ಕಾಲೇಜಿನ ಅಧ್ಯಾಪಕರೊಬ್ಬರು ಒಮ್ಮೆ ಕೋಟಿನ ಅಳತೆ ಕೊಡಲು ಬಂದು, ಕೈಯಲ್ಲಿದ್ದ ತೆಳ್ಳನೆಯ ಕವನ ಸಂಕಲನವನ್ನು ಮೇಜಿನ ಮೇಲೆ ಮರೆತು ಹೋದರು. ಹೊಸ ಕಾವ್ಯ ನನ್ನ ಬದುಕಿಗೆ ಬಂದದ್ದು ಆ ಮರೆವಿನಿಂದ. ಆ ಕವಿಗಳು ಅಲಂಕಾರವನ್ನೆಲ್ಲ ಕತ್ತರಿಸಿ ಎಸೆದ ರೀತಿ ನನಗೆ ಯಾರೂ ವಿವರಿಸದೆಯೇ ಅರ್ಥವಾಯಿತು. ಮೈಗೆ ಬೇಕಾದಷ್ಟೇ ಬಟ್ಟೆ, ಅನುಭವಕ್ಕೆ ಬೇಕಾದಷ್ಟೇ ಮಾತು. ಕತ್ತರಿ ಹಿಡಿದಾಗಲೆಲ್ಲ ಅವರ ಸಾಲುಗಳನ್ನು ನನ್ನೊಳಗೇ ಹೇಳಿಕೊಳ್ಳುತ್ತಿದ್ದೆ. ಒಂದು ಶಬ್ದ ಹೆಚ್ಚಾದರೂ ಕಿರಿಕಿರಿಯಾಗುತ್ತಿತ್ತು. ಶಬ್ದದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದವನು ಒಂದೇ ಒಂದು ಅಂಕಿಯ ವಿಷಯದಲ್ಲಿ ಹನ್ನೆರಡು ವರ್ಷ ಸಡಿಲವಾಗಿದ್ದೆ.

ಜಂಬಣ್ಣ ಮೊದಲು ನನ್ನ ಅಂಗಡಿಗೆ ಬಂದದ್ದು ೧೯೭೨ರಲ್ಲಿ. ಆಗಷ್ಟೇ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸಕ್ಕೆ ಸೇರಿದ್ದ. ಕೆಲಸ ಸಿಕ್ಕಿದ್ದು ಕೈಚಳಕಕ್ಕಿಂತ ಹೆಚ್ಚಾಗಿ ವಾಲಿಬಾಲಿನಿಂದ. ಸೊಂಟ ಇಪ್ಪತ್ತೊಂಬತ್ತು ಇಂಚು. ಟೇಪು ಸುತ್ತಿದಾಗ ಅದರ ತುದಿ ಇಷ್ಟುದ್ದ ಉಳಿದು ಜೋತಾಡಿದ್ದು ನನಗೆ ನೆನಪಿದೆ. ನೆಟ್ಟಿನ ಮೇಲೆ ಅವನು ಹಾರಿದರೆ ಇಳಿಯುವುದನ್ನು ಮರೆತವನ ಹಾಗೆ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತಿದ್ದ.

ನನ್ನ ಅಂಗಡಿಗೆ ಒಂದು ಸ್ಪ್ರಿಂಗ್ ಬಾಗಿಲಿತ್ತು. ಅದೂ ಅವನದೇ ಕೆಲಸ. ರಸ್ತೆಯಲ್ಲಿ ಲಾರಿ ಹೋದರೆ ಬಿಳಿ ಬಟ್ಟೆಯ ಮೇಲೆ ಕೆಂಧೂಳು ಕೂರುತ್ತದೆಂದು ನಾನು ಒಮ್ಮೆ ಗೊಣಗಿದ್ದಕ್ಕೆ, ಮುಂದಿನ ಭಾನುವಾರವೇ ಗುಜರಿಯಿಂದ ದಪ್ಪನೆಯ ಸ್ಪ್ರಿಂಗೊಂದನ್ನು ಕೊಂಡು ತಂದು ಬಾಗಿಲಿಗೆ ಬಿಗಿದ. "ಇನ್ಮೇಲೆ ನಿನ್ನ ಕವಿತೆ ಪುಸ್ತಕಕ್ಕೂ ಧೂಳು ಹಿಡಿಯಲ್ಲ ನೋಡು," ಎಂದ. ಬಾಗಿಲು ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ಒಳಗೆ ಬಂದ ಗಿರಾಕಿಗಳು ಬೆನ್ನು ನೀವಿಕೊಳ್ಳುತ್ತಿದ್ದರು.

ವಯಸ್ಸಾದ ಮೇಲೂ ಅವನೂ ಅವನ ಜೊತೆಯ ಆಟಗಾರರೂ ಆಟ ಬಿಡಲಿಲ್ಲ. ಪ್ರತಿ ವರ್ಷ ಸಂಕ್ರಾಂತಿಯ ಮುಂದಿನ ಭಾನುವಾರ ನಲವತ್ತೈದು ದಾಟಿದವರ ಒಂದು ಮ್ಯಾಚು ನಡೆಯುತ್ತಿತ್ತು. ಒಂದು ವರ್ಷ ಭದ್ರಾವತಿಯ ಕ್ವಾರ್ಟರ್ಸಿನ ಮೈದಾನದಲ್ಲಿ, ಇನ್ನೊಂದು ವರ್ಷ ಶಿವಮೊಗ್ಗದಲ್ಲಿ. ಮೊದಲ ವರ್ಷ ಶಿವಮೊಗ್ಗದ ಕಡೆಯ ಭಾರೀ ಹೊಟ್ಟೆಯ ಆಟಗಾರನೊಬ್ಬ ನೆಟ್ಟಿನ ಮೇಲೆ ಉರುಳಿ ಕಂಬವೇ ಮುರಿಯಿತು. ಅಂದಿನಿಂದ ನಮ್ಮ ಕಡೆಯ ಕ್ಯಾಪ್ಟನ್ ಶೇಷಪ್ಪ ಒಂದು ನಿಯಮ ತಂದ: ಸೊಂಟ ಮೂವತ್ತೈದು ಇಂಚು ದಾಟಿದವನು ಆಡುವಂತಿಲ್ಲ, ಅಂಪೈರಿನ ಎತ್ತರದ ಕುರ್ಚಿಯ ಮೇಲೆ ಕೂರಬೇಕು. ಆಟಕ್ಕೆ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬನಿಯನ್ ಮೇಲೆತ್ತಿಸಿ, ಹೊಕ್ಕುಳಿನ ಮಟ್ಟಕ್ಕೆ ಟೇಪು ಹಿಡಿದು ಅಳತೆ ಕೂಗುವುದು. ಕೂಗುವವನು ನಾನು. ಆಟಕ್ಕಿಂತ ಈ ಅಳತೆ ನೋಡಲು ಹೆಚ್ಚು ಜನ ಸೇರುತ್ತಿದ್ದರು.

೧೯೯೫ರಲ್ಲಿ ಜಂಬಣ್ಣನ ಸರದಿ ಬಂದಾಗ ಅವನು ಎದೆಯುಬ್ಬಿಸಿ, ಮುಖ ಕೆಂಪಾಗಿಸಿಕೊಂಡು ನಿಂತ.

"ಉಸಿರು ಎಳ್ಕೋಬೇಡ ಜಂಬಣ್ಣ, ನಾನು ನೋಡ್ತಿದೀನಿ," ಎಂದ ಶೇಷಪ್ಪ.

"ಉಸಿರೇ ಆಡ್ಬೇಡ ಅಂತೀಯಾ ಮಾರಾಯ? ಸತ್ತು ಆಟ ಆಡ್ಲಾ?"

"ಸತ್ರೂ ಅಡ್ಡಿಯಿಲ್ಲ, ಸೊಂಟ ಮೂವತ್ತೈದಿರ್ಬೇಕು ಅಷ್ಟೇ."

ಎಲ್ಲರೂ ನಕ್ಕರು. ನಗುವಿಗೆ ಉಸಿರು ಹೊರಗೆ ಹೋಯಿತು, ಹೊಟ್ಟೆ ತನ್ನ ಜಾಗಕ್ಕೆ ಬಂತು. ಟೇಪು ಮೂವತ್ತಾರರ ಮೇಲೆ ನಿಂತಿತು. ಜಂಬಣ್ಣ ನನ್ನ ಕಡೆ ಬಗ್ಗಿ ನೋಡಿದ. ಅವನು ಬೇಡಿಕೊಳ್ಳಲಿಲ್ಲ, ಕಣ್ಣು ಮಿಟುಕಿಸಲೂ ಇಲ್ಲ. ಕ್ಲಾಸಿನಿಂದ ಹೊರಗೆ ಕಳಿಸುತ್ತಾರೇನೋ ಎಂದು ಕಾಯುವ ಹುಡುಗನ ಮುಖ ಅದು.

"ಮೂವತ್ತೈದು!" ಎಂದು ಕೂಗಿದೆ.

"ಏ ಷಣ್ಮುಖಪ್ಪ, ನಿನ್ನ ಟೇಪು ರಬ್ಬರಿಂದಾ?" ಎಂದ ಶೇಷಪ್ಪ.

"ಬಾ, ಅದ್ರಲ್ಲೇ ನಿಂದೂ ಅಳಿತೀನಿ. ನಿಂಗೂ ಅನುಕೂಲ ಆಗತ್ತೆ."

ಶಿಳ್ಳೆ ಬಿತ್ತು. ಆ ದಿನ ಜಂಬಣ್ಣ ಕೊನೆಯ ಮೂರು ಪಾಯಿಂಟು ಹೊಡೆದು ಆಟ ಗೆಲ್ಲಿಸಿದ. ನಾನು ತಪ್ಪು ಮಾಡಿದೆನೆಂದು ನನಗೆ ಅನ್ನಿಸಲೇ ಇಲ್ಲ.

ಅನ್ನಿಸದಿರಲು ಇನ್ನೊಂದು ಕಾರಣವಿತ್ತು. ನಾನು ಕಸುಬು ಕಲಿತದ್ದು ಶಿವಮೊಗ್ಗದ ಕೋಟೆಯಲ್ಲಿ, ದೇವಸ್ಥಾನದ ಪಕ್ಕದ ಒಂದು ಅಂಗಡಿಯಲ್ಲಿ. ನನ್ನ ಗುರುಗಳು ದಪ್ಪಗಾದ ಗಿರಾಕಿಯ ಸೊಂಟದ ಬಗ್ಗೆ ನಾಲ್ಕು ಜನರ ಮುಂದೆ ಎಂದೂ ನಿಜ ಹೇಳಿದವರಲ್ಲ. ಆತನ ಹಳೆಯ ಅಳತೆಯನ್ನೇ ಗಟ್ಟಿಯಾಗಿ ಹೇಳಿ, ಅದನ್ನೇ ಪುಸ್ತಕದಲ್ಲಿ ಬರೆದು, ಹೆಚ್ಚಾದ ಒಂದೊಂದು ಇಂಚಿಗೂ ಅಂಕಿಯ ಕೆಳಗೆ ಪೆನ್ಸಿಲಿನಿಂದ ಒಂದೊಂದು ಚುಕ್ಕಿ ಇಡುತ್ತಿದ್ದರು. ಗಿರಾಕಿ ಬಗ್ಗಿ ನೋಡಿದರೂ ಅವನಿಗೆ ಕಾಣುವುದು ಹರೆಯದ ಅಂಕಿ. ಬಟ್ಟೆ ಮಾತ್ರ ಚುಕ್ಕಿಗಳ ಪ್ರಕಾರ ಕತ್ತರಿಸಲ್ಪಡುತ್ತಿತ್ತು. ಅದನ್ನು ಅವರು ಅಂಗಡಿಯ ಮರ್ಯಾದೆ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ನಡೆದುಕೊಂಡು ಬಂದೆ. ೧೯೯೫ರ ಪುಟದಲ್ಲಿ ಜಂಬಣ್ಣನ ಹೆಸರಿನ ಮುಂದೆ ಮೂವತ್ತೈದು, ಕೆಳಗೆ ಒಂದು ಚುಕ್ಕಿ.

ಮುಂದಿನ ವರ್ಷಗಳಲ್ಲಿ ಅಂಕಿ ಬದಲಾಗಲಿಲ್ಲ. ಚುಕ್ಕಿಗಳು ಎರಡಾದವು, ಮೂರಾದವು. ಎರಡು ಸಾವಿರನೇ ಇಸವಿಯಲ್ಲಿ ಜಂಬಣ್ಣ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು, ಹೆಂಡತಿ ಜಗದಾಂಬಾ ಮತ್ತು ಒಬ್ಬಳೇ ಮಗಳು ಅಮೂಲ್ಯಳೊಂದಿಗೆ ಶಿವಮೊಗ್ಗದ ದುರ್ಗಿಗುಡಿಗೆ ಮನೆ ಬದಲಿಸಿದ. ಬೀಳ್ಕೊಡುಗೆಗೆಂದು ನಾನು ಹೊಲಿದುಕೊಟ್ಟದ್ದೇ ಆ ಬೂದು ಪ್ಯಾಂಟು. ಮುಂದೆ ಬೇಕಾಗುತ್ತದೆಂದು ಹಿಂಭಾಗದ ಹೊಲಿಗೆಯೊಳಗೆ ಎಂದಿಗಿಂತ ಹೆಚ್ಚು ಮಾರ್ಜಿನ್ ಬಿಟ್ಟಿದ್ದೆ. ಎರಡು ವರ್ಷಕ್ಕೊಮ್ಮೆ ಅವನು ಬಸ್ಸಿನಲ್ಲಿ ಬಂದು ಅದನ್ನು ನನ್ನ ಮೇಜಿನ ಮೇಲೆ ಎಸೆಯುತ್ತಿದ್ದ. ನಾನು ಬಿಚ್ಚಿ, ಒಳಗಿನ ಬಟ್ಟೆಯಿಂದ ಸ್ವಲ್ಪ ಹೊರಗೆ ಬಿಟ್ಟು, ಮತ್ತೆ ಹೊಲಿದುಕೊಡುತ್ತಿದ್ದೆ.

"ಇದು ಹೊಟ್ಟೆ ಅಲ್ಲ ಮಾರಾಯ, ನನ್ನ ಪ್ರಾವಿಡೆಂಟ್ ಫಂಡು," ಎನ್ನುತ್ತಿದ್ದ. "ಕಾರ್ಖಾನೆಯವ್ರು ಕೊಟ್ಟಿದ್ದೆಲ್ಲ ಖರ್ಚಾಯ್ತು. ಇದೊಂದು ಉಳ್ಕೊಂಡಿದೆ."

ವಿಚಿತ್ರವೆಂದರೆ ಅವನನ್ನು ದಪ್ಪ ಎಂದು ಯಾರೂ ಕರೆಯುತ್ತಿರಲಿಲ್ಲ. ಕೈಕಾಲು ಆಟಗಾರನ ಕೈಕಾಲೇ. ವರ್ಷ ಕಳೆದಂತೆ ಇನ್ನಷ್ಟು ಸಣ್ಣಗಾಗಿದ್ದವು. ತೂಕದ ಯಂತ್ರದ ಮೇಲೆ ನಿಂತರೆ ಅರವತ್ತೆಂಟು ಕೆ.ಜಿ.; ಯಾವ ಡಾಕ್ಟರಾದರೂ ಸರಿ ಎಂದು ತಲೆಯಾಡಿಸುವಂಥ ತೂಕ. ಬೆಳೆದದ್ದೆಲ್ಲ ನಡುವಿನಲ್ಲಿ. ಅದೂ ಜೋತುಬಿದ್ದ ಹೊಟ್ಟೆಯಲ್ಲ. ಮೆತ್ತನೆಯ ಹೊಟ್ಟೆಗೆ ಟೇಪು ಸುತ್ತಿದರೆ ಅದು ಒಳಗೆ ಇಳಿದು ಒಂದು ಕಾಲುವೆ ಮಾಡಿಕೊಳ್ಳುತ್ತದೆ. ಜಂಬಣ್ಣನ ಹೊಟ್ಟೆಯ ಮೇಲೆ ಟೇಪು ಮೃದಂಗದ ಚರ್ಮದ ಮೇಲೆ ಇಟ್ಟಂತೆ ಮೇಲೆಯೇ ನಿಲ್ಲುತ್ತಿತ್ತು. "ಗುದ್ದಿ ನೋಡು, ಕಲ್ಲು!" ಎನ್ನುತ್ತಿದ್ದ. ಗುದ್ದಿ ನೋಡುತ್ತಿದ್ದೆ. ಕಲ್ಲೇ. ಅದನ್ನು ಹಳೆಯ ಆಟದ ಉಳಿದ ಬಲವೆಂದು ಅವನು ನಂಬಿದ್ದ. ಸಾವಿರಾರು ಸೊಂಟಗಳನ್ನು ಮುಟ್ಟಿದ ನಾನೂ ನಂಬಿದ್ದೆ.

೨೦೦೬ರ ಜೂನಿನಲ್ಲಿ ಅಮೂಲ್ಯ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದಳು. ದಾವಣಗೆರೆಯಲ್ಲಿ ವೈದ್ಯಕೀಯ ಓದು ಮುಗಿಸಿ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಅಲ್ಲಿನ ಹಿರಿಯ ವೈದ್ಯರು ಐವತ್ತು ದಾಟಿದ ಗಂಡಸರ ಸೊಂಟದ ಸುತ್ತಳತೆಗೂ ಹೃದಯದ ಆರೋಗ್ಯಕ್ಕೂ ಇರುವ ನಂಟನ್ನು ಪರಿಶೀಲಿಸಲು ಒಂದು ಸಮೀಕ್ಷೆ ಮಾಡುತ್ತಿದ್ದರು. ಶಿವಮೊಗ್ಗ, ಭದ್ರಾವತಿ ಎರಡೂ ಊರಿನಲ್ಲಿ ಅಳತೆ ತೆಗೆಯುವ ಕೆಲಸ ಇವಳ ಪಾಲಿಗೆ ಬಂದಿತ್ತು.

"ಟೈಲರ್ ಮಾಮ, ನಂಗೆ ಟೇಪ್ ಹಿಡಿಯೋದು ಹೇಳ್ಕೊಡಿ."

"ಡಾಕ್ಟರಮ್ಮಂಗೆ ದರ್ಜಿ ಪಾಠನಾ?"

"ನಗ್ಬೇಡಿ ಮಾಮ. ಟೇಪ್ ನೋಡಿದ ತಕ್ಷಣ ಗಂಡಸ್ರೆಲ್ಲ ಹೊಟ್ಟೆ ಒಳಗೆ ಎಳ್ಕೊಂಡು ಮಿಲಿಟರಿಯವ್ರ ಥರ ನಿಂತ್ಕೋತಾರೆ. ಉಸಿರು ಬಿಡಿ ಅಂದ್ರೆ ಬಿಟ್ಟಿದೀನಿ ಅಂತಾರೆ."

"ಬಿಡಿ ಅಂತ ಹೇಳ್ಬಾರ್ದು. ಏನಾದ್ರೂ ಒಂದು ಪ್ರಶ್ನೆ ಕೇಳು. ಮಕ್ಕಳೆಷ್ಟು ಅಂತ ಕೇಳು. ಉತ್ತರ ಹೇಳ್ಬೇಕಾದ್ರೆ ಉಸಿರು ಬಿಡ್ಲೇಬೇಕಲ್ಲ, ಆಗ ಓದ್ಕೊಂಡ್ಬಿಡು."

ಅವಳು ಅದನ್ನು ನನ್ನ ಮೇಲೆಯೇ ಪ್ರಯೋಗಿಸಿದಳು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, "ಮಾಮ, ಈಚೆಗೆ ಯಾವ ಕವಿತೆ ಇಷ್ಟ ಆಯ್ತು?" ಎಂದಳು. ನಾನು ಗಂಭೀರವಾಗಿ ಬಾಯಿ ತೆರೆಯುವಷ್ಟರಲ್ಲಿ "ಎಂಬತ್ತಾರು ಸೆಂಟಿಮೀಟರ್!" ಎಂದು ನಕ್ಕಳು. ಅವಳ ನಗು ಅಪ್ಪನದೇ.

ಆಮೇಲೆ ಸ್ಟೂಲಿನ ಮೇಲೆ ಕೂತು, ನಾನು ಕೇಳಿದ್ದಕ್ಕೆ ವಿವರಿಸಿದಳು. "ಚರ್ಮದ ಕೆಳಗಿನ ಕೊಬ್ಬು ಚಿವುಟಿದ್ರೆ ಕೈಗೆ ಸಿಗತ್ತೆ ಮಾಮ. ಅದ್ರಿಂದ ಅಷ್ಟು ಭಯ ಇಲ್ಲ. ಒಳಗೆ ಕರುಳು, ಲಿವರ್ ಸುತ್ತ ತುಂಬ್ಕೊಳ್ಳತ್ತಲ್ಲ, ಅದು ಕೈಗೆ ಸಿಗಲ್ಲ. ಅಂಥವ್ರ ಹೊಟ್ಟೆ ಎಷ್ಟೋ ಸಲ ಗಟ್ಟಿಯಾಗೇ ಇರತ್ತೆ. ಆ ಕೊಬ್ಬು ಸುಮ್ನಿರಲ್ಲ. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಏರತ್ತೆ, ಒಳ್ಳೇ ಕೊಲೆಸ್ಟ್ರಾಲ್ ಇಳಿಯತ್ತೆ, ಸಕ್ಕರೆ, ಬಿಪಿ ಎಲ್ಲ ಮೆಲ್ಲಗೆ ಹತ್ತತ್ತೆ. ತೂಕ ನೋಡಿದ್ರೆ ಸರಿಯಾಗೇ ಇರತ್ತೆ, ಅಲ್ಲೇ ನಾವು ಮೋಸ ಹೋಗೋದು. ನಮ್ಮ ಗಂಡಸ್ರಿಗೆ ತೊಂಬತ್ತು ಸೆಂಟಿಮೀಟರ್ ಗಡಿ ಅಂತ ಇಟ್ಟಿದಾರೆ."

"ಇಂಚಲ್ಲಿ ಹೇಳಮ್ಮ."

"ಮೂವತ್ತೈದೂವರೆ ಹತ್ರ. ಶೇಷಪ್ಪ ಮಾಮನ ರೂಲೂ ನಮ್ಮ ರೂಲೂ ಒಂದೇ ನೋಡಿ!"

ಗಟ್ಟಿ ಎಂಬ ಮಾತು ಕಿವಿಗೆ ಬಿದ್ದಾಗ ನನ್ನ ಬೆರಳಿಗೆ ಮೃದಂಗದ ಚರ್ಮ ನೆನಪಾಯಿತು. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿ, "ನಿಮ್ಮಪ್ಪನ್ನ ಅಳೆದ್ಯಾ?" ಎಂದೆ.

"ಸಿಗ್ತಾರಾ? ನಾನು ಟೇಪ್ ತೆಗೆದ್ರೆ ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೋತಾರೆ. ಮಗಳ ಕೈಲಿ ಹೊಟ್ಟೆ ಅಳಿಸ್ಕೊಳ್ಳೋದಾ ಅಂತ ನಾಚಿಕೆ. ಬಿಡಲ್ಲ ನಾನು. ರಕ್ತ ಪರೀಕ್ಷೆ ಎಲ್ರಿಗೂ ಮಾಡೋಷ್ಟು ಕಿಟ್ ನಮ್ಮ ಹತ್ರ ಇಲ್ಲ ಮಾಮ, ತೊಂಬತ್ತು ದಾಟಿದೋರ್ಗೆ ಮಾತ್ರ. ಅಪ್ಪಂದು ದಾಟಿದ್ಯೋ ಇಲ್ವೋ ಗೊತ್ತಾಗ್ಬೇಕಲ್ಲ."

ಅಂದೇ ಹೇಳಿಬಿಡಬಹುದಿತ್ತು. ಪುಸ್ತಕ ಅವಳ ಮೊಣಕೈಯ ಪಕ್ಕದಲ್ಲೇ ಇತ್ತು.

ಆಗಸ್ಟಿನಲ್ಲಿ ಒಂದು ಸಂಜೆ ಜಂಬಣ್ಣ ಅದೇ ಸ್ಟೂಲಿನ ಮೇಲೆ ಕೂತು, ಕಾಗದದ ಪೊಟ್ಟಣದಿಂದ ಮೆಣಸಿನಕಾಯಿ ಬೋಂಡಾ ತಿನ್ನುತ್ತಿದ್ದ. ಫೋನು ರಿಂಗಾಯಿತು. ಅಮೂಲ್ಯ.

"ಮಾಮ, ನಾಳೆ ಪಟ್ಟಿ ಮುಗಿಸ್ಬೇಕು. ಅಪ್ಪ ಕೊನೆಗೂ ಬಗ್ಗಲಿಲ್ಲ. ಷಣ್ಮುಖನ್ನ ಕೇಳು, ಮೂವತ್ತು ವರ್ಷದ ಲೆಕ್ಕ ಅವ್ನ ಹತ್ರ ಇದೆ ಅಂದ್ರು. ಅಪ್ಪನ ಸೊಂಟ ಎಷ್ಟು, ಹೊಕ್ಕುಳ ಹತ್ರ? ನೀವು ಹೇಳಿದ್ರೆ ನಾನೇ ಅಳೆದ ಹಾಗೆ."

ನಾನು ಜಂಬಣ್ಣನ ಮುಖ ನೋಡಿದೆ. ಅವನಿಗೆ ತಕ್ಷಣ ಅರ್ಥವಾಯಿತು. ಬೋಂಡಾ ಹಿಡಿದ ಕೈಯನ್ನು ತುಟಿಗೆ ಒತ್ತಿ ಸುಮ್ಮನಿರುವಂತೆ ಸನ್ನೆ ಮಾಡಿ, ಇನ್ನೊಂದು ಕೈಯಲ್ಲಿ ಮೊದಲು ಮೂರು ಬೆರಳು, ಆಮೇಲೆ ಐದು ಬೆರಳು ತೋರಿಸಿದ. ಅವನ ಕಣ್ಣಿನಲ್ಲಿ ಮೈದಾನದ ಅದೇ ಹುಡುಗನಿದ್ದ. ಪುಸ್ತಕ ತೆರೆದೇ ಇತ್ತು. ಮೂವತ್ತೈದು, ಅದರ ಕೆಳಗೆ ಆರು ಚುಕ್ಕಿ.

"ಮೂವತ್ತೈದು," ಎಂದೆ.

"ಖಂಡಿತಾನಾ ಮಾಮ?"

"ಪುಸ್ತಕ ನೋಡೇ ಓದ್ತಿದೀನಮ್ಮ."

ಆ ಕಡೆ ಪೆನ್ನು ಗೀಚಿದ ಸದ್ದು. "ಎಂಬತ್ತೆಂಟು ಪಾಯಿಂಟ್ ಒಂಬತ್ತು. ಅಬ್ಬ, ಅಪ್ಪ ಪಾಸ್! ನಂಗೆ ಒಳಗೊಳಗೇ ಹೆದರಿಕೆ ಇತ್ತು ಮಾಮ." ಅವಳ ದನಿಯಲ್ಲಿ ಇಳಿದ ಭಾರ ತಂತಿಯ ಮೂಲಕ ನನಗೆ ಕೇಳಿಸಿತು. ಫೋನಿಟ್ಟೆ.

"ಭೇಷ್!" ಎಂದ ಜಂಬಣ್ಣ. "ಬೋಂಡಾ ತಗೋ. ಕಾಫಿ ನಂದು."

ಬೋಂಡಾ ತಿಂದೆ. ಸುಳ್ಳು ಹೇಳಿದೆನೆಂದು ಕೂಡ ನಾನು ಒಪ್ಪಿಕೊಂಡಿರಲಿಲ್ಲ. ಬರೆದದ್ದನ್ನು ಓದಿದ್ದೇನೆ, ಚುಕ್ಕಿಗಳನ್ನು ಓದಿಲ್ಲ, ಅಷ್ಟೇ ಎಂದು ಸಮಾಧಾನ ಹೇಳಿಕೊಂಡೆ. ಹೇಳದೆ ಬಿಟ್ಟ ಒಂದು ಶಬ್ದ ಏನೆಲ್ಲ ಹೇಳಬಲ್ಲದೆಂದು ಅಷ್ಟು ವರ್ಷ ಕವಿತೆ ಓದಿ ತಿಳಿದವನ ಸಮಾಧಾನ ಅದು.

ಹೊಸ ವರ್ಷದ ಎರಡನೆಯ ದಿನ ಜಂಬಣ್ಣ ಬೂದು ಪ್ಯಾಂಟು ಹಿಡಿದು ಬಂದ. ಚಪ್ಪಲಿ ಬಿಡಲು ಬಗ್ಗಿದವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಮಾತು ಹೊರಡಲು ಸ್ವಲ್ಪ ಹೊತ್ತು ಹಿಡಿಯಿತು.

"ಬಸ್ಸಿನ ಮೆಟ್ಲು ಎತ್ತರ ಮಾಡಿದಾರೆ ಮಾರಾಯ."

"ಮೆಟ್ಲು ಹಂಗೇ ಇದೆ. ನೀನು ಒಂದ್ಸಲ ಅಮೂಲ್ಯಂಗೆ ತೋರ್ಸು."

"ಏನು ತೋರ್ಸೋದು? ಅವ್ಳ ಪುಸ್ತಕದಲ್ಲಿ ನಾನು ಪಾಸು."

"ಪಾಸು ಮಾಡಿದ್ದು ನಾನು. ನಿಜ ಹೇಳ್ಬಿಡೋಣ ಜಂಬಣ್ಣ."

ಅವನು ನಗಲಿಲ್ಲ. "ಮ್ಯಾಚ್ ಮುಗೀಲಿ. ಈಗ ಹೇಳಿದ್ರೆ ಆಡೋಕೆ ಬಿಡಲ್ಲ ಅವ್ಳು. ಇದೊಂದ್ಸಲ ಆಡ್ತೀನಿ, ಇನ್ನು ಮುಂದೆ ಕುರ್ಚಿ ಮೇಲೆ ಕೂರ್ತೀನಿ. ಆಮೇಲೆ ನಾನೇ ಹೇಳ್ತೀನಿ, ಆಣೆ ಬೇಕಾ?"

ಹತ್ತೊಂಬತ್ತು ದಿನದ ಮಾತು. ನಾನು ಒಪ್ಪಿದೆ. ಪ್ಯಾಂಟಿನ ಹಿಂಭಾಗ ಬಿಚ್ಚಿ ನೋಡಿದರೆ ಒಳಗೆ ಬಿಡಲು ಬಟ್ಟೆಯೇ ಉಳಿದಿರಲಿಲ್ಲ. "ಇದೇ ಬಣ್ಣದ ತುಂಡು ಹುಡುಕಿ ಪಟ್ಟಿ ಕೊಡ್ತೀನಿ, ಶಿವಮೊಗ್ಗದ ಗಾಂಧಿ ಬಜಾರಲ್ಲಿ ಸಿಗ್ಬಹುದು," ಎಂದೆ. "ಮ್ಯಾಚ್ ದಿನ ಹಾಕ್ಕೊಂಡು ಬರ್ಬೇಕು, ಮರೀಬೇಡ," ಎಂದು ಹೋದ. ಪ್ಯಾಂಟನ್ನು ಕಿಟಕಿಯ ಪಕ್ಕದ ಮೊಳೆಗೆ ಹಾಕಿದೆ.

ಜನವರಿ ಒಂಬತ್ತು, ಮಂಗಳವಾರ. ಬೆಳಿಗ್ಗೆ ನಲ್ಲಿ ನೀರು ಬಂತೇ ಎಂದು ನೋಡಲು ಜಂಬಣ್ಣ ತಾರಸಿಯ ಮೆಟ್ಟಿಲು ಹತ್ತಿದ್ದಾನೆ. ಏಳನೆಯ ಮೆಟ್ಟಿಲಿನ ಮೇಲೆ ಕೂತಿದ್ದಾನೆ. ಜಗದಾಂಬಾ ಕೆಳಗಿನಿಂದ ಕೂಗಿದ್ದಕ್ಕೆ ಮರುದನಿಯಿಲ್ಲ. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಶೇಷಪ್ಪ ಫೋನು ಮಾಡಿದಾಗ ನನ್ನ ಕೈಯಲ್ಲಿ ಬೂದು ಬಟ್ಟೆಯ ಮೂರು ಮಾದರಿ ತುಂಡುಗಳಿದ್ದವು.

ದುರ್ಗಿಗುಡಿಯ ಮನೆಯ ನಡುಮನೆಯಲ್ಲಿ ಅವನನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಹೂವು, ಮೈಮೇಲೆ ಹೊಸ ಬಿಳಿ ವಸ್ತ್ರ. ಉಸಿರು ಎಳೆದುಕೊಂಡು ಮರೆಮಾಡುವವನು ಅಲ್ಲಿರಲಿಲ್ಲ. ಬಿಳಿ ವಸ್ತ್ರದ ಕೆಳಗೆ ಹೊಟ್ಟೆ ತನ್ನ ನಿಜವಾದ ಅಳತೆಯಲ್ಲಿ, ಎಲ್ಲರ ಕಣ್ಣೆದುರು ಇತ್ತು. ನನ್ನನ್ನು ನೋಡಿ ಜಗದಾಂಬಾ ಸೆರಗು ಬಾಯಿಗೊತ್ತಿಕೊಂಡರು.

"ಎಲ್ಲ ಸರಿ ಇದೆ ಅಂತ ಮಗಳು ಹೇಳಿದ್ಲಲ್ಲ ಷಣ್ಮುಖಣ್ಣ... ಅಪ್ಪಂದು ಗಡಿಯೊಳಗೇ ಇದೆ ಅಮ್ಮ, ಹೆದರ್ಬೇಡ ಅಂತ ಅವ್ಳೇ ಹೇಳಿದ್ಲಲ್ಲ..."

ಗೋಡೆಗೆ ಒರಗಿ ನಿಂತಿದ್ದ ಅಮೂಲ್ಯ ತಲೆ ಎತ್ತಲಿಲ್ಲ. ನಾನು ಆಗಲೂ ಬಾಯಿ ಬಿಡಲಿಲ್ಲ.

ಆ ವರ್ಷ ಮ್ಯಾಚು ನಡೆಯಲಿಲ್ಲ. ನಡೆಯಬೇಕಿದ್ದ ಭಾನುವಾರ, ಹನ್ನೊಂದನೆಯ ದಿನದ ಕಾರ್ಯ ಮುಗಿದ ಎರಡನೆಯ ಬೆಳಿಗ್ಗೆ, ಅಮೂಲ್ಯ ನನ್ನ ಅಂಗಡಿಗೆ ಬಂದಳು. ಮುಖ ಒಣಗಿತ್ತು. ಸ್ಟೂಲಿನ ಮೇಲೆ ಕೂರಲಿಲ್ಲ.

"ಅಪ್ಪನ ಪ್ಯಾಂಟು ನಿಮ್ಮ ಹತ್ರ ಇದೆಯಂತೆ. ಅಮ್ಮ ತಗೊಂಡು ಬಾ ಅಂದ್ರು." ಅವಳ ಕಣ್ಣು ಆಗಲೇ ಮೊಳೆಯ ಕಡೆ ಹೋಗಿತ್ತು. "ಹೊಲ್ದಿಲ್ವಾ ಮಾಮ?"

"ಬಟ್ಟೆ ಸಾಲ್ಲಿಲ್ಲಮ್ಮ."

ಅವಳು ಹತ್ತಿರ ಹೋಗಿ ಬಿಚ್ಚಿದ ಪಟ್ಟಿಯನ್ನು ಕೈಯಲ್ಲಿ ಹಿಡಿದಳು. ಒಂದೊಂದೇ ಗೆರೆಯ ಮೇಲೆ ಬೆರಳು ಹೋಯಿತು.

"ಇದನ್ನ ಎಷ್ಟು ಸಲ ಬಿಚ್ಚಿದೀರಿ?"

"ಮೂರು ಸಲ."

"ಮೂವತ್ತೈದು ಇದ್ದಿದ್ದು ಮೂವತ್ತೈದೇ ಇದ್ರೆ ಮೂರು ಸಲ ಯಾಕೆ ಬಿಚ್ಬೇಕು?"

ಒಗೆದ ಬಟ್ಟೆ ಕುಗ್ಗುತ್ತದೆ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು, ಬಟ್ಟೆಯ ವಿಷಯದಲ್ಲಿ ಯಾರೂ ನನ್ನನ್ನು ಪ್ರಶ್ನಿಸಿದವರಿಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅವಳ ಬೆರಳು ಮೂರನೆಯ ಗೆರೆಯ ಆಚೆ, ಬಟ್ಟೆ ಮುಗಿದ ಜಾಗದಲ್ಲಿ, ಸೀಮೆಸುಣ್ಣದ ಗುರುತಿನ ಮೇಲೆ ನಿಂತಿತ್ತು. ನಾನು ಪುಸ್ತಕ ತೆಗೆದು ಅವಳ ಮುಂದೆ ಇಟ್ಟೆ.

"ಇಲ್ಲಿ ಮೂವತ್ತೈದು ಅಂತಾನೇ ಇದೆ," ಎಂದಳು.

"ಕೆಳಗಿನ ಚುಕ್ಕಿ ಎಣಿಸು. ಒಂದೊಂದು ಚುಕ್ಕಿ ಒಂದೊಂದು ಇಂಚು."

ಅವಳು ಎಣಿಸಿದಳು. ತುಟಿ ಅಲುಗಿದ್ದು ಕಂಡಿತು. ಆರಕ್ಕೆ ನಿಂತಿತು.

ನಾನು ಎಲ್ಲ ಹೇಳಿದೆ. ಗುರುಗಳ ಪದ್ಧತಿ, ಶೇಷಪ್ಪನ ನಿಯಮ, ೧೯೯೫ರ ಮೈದಾನ, ಫೋನು ಬಂದ ಸಂಜೆ ಅವನು ತೋರಿಸಿದ ಬೆರಳುಗಳು. ಬೆರಳುಗಳವರೆಗೆ ಬಂದಾಗ, ಸತ್ತವನ ಮೇಲೆ ಹೊರೆ ಹಾಕುತ್ತಿದ್ದೇನೆ ಅನ್ನಿಸಿ ನಿಲ್ಲಿಸಿದೆ. "ಹೇಳಿದ್ದು ನನ್ನ ಬಾಯಿ," ಎಂದೆ.

ಬೈಯಲಿ ಎಂದು ಕಾದೆ. ಅವಳು ಬ್ಯಾಗಿನಿಂದ ಪೆನ್ನು ತೆಗೆದು, ಅಂಗೈ ಮೇಲೆ ಒಂದು ಗುಣಾಕಾರ ಮಾಡಿ, "ನೂರ ನಾಲ್ಕು ಸೆಂಟಿಮೀಟರ್," ಎಂದಳು. ಆಮೇಲೆ, "ಆರೂ ಹೇಳ್ಬೇಕಿರ್ಲಿಲ್ಲ ಮಾಮ. ಒಂದು ಚುಕ್ಕಿ ಹೇಳಿದ್ರೆ ಸಾಕಿತ್ತು. ಒಂದೇ ಒಂದು. ತೊಂಬತ್ತು ದಾಟ್ತಿತ್ತು. ಮಾರನೇ ದಿನಾನೇ ಅಪ್ಪನ ರಕ್ತ ತೆಗೀತಿದ್ದೆ."

ರಕ್ತ ತೆಗೆದಿದ್ದರೆ ಅವನು ಬದುಕುತ್ತಿದ್ದನೇ ಎಂಬುದು ಅವಳಿಗೂ ತಿಳಿಯದು. ಹೊಲಿಯಲು ಬಟ್ಟೆ ಉಳಿದಿದ್ದಾಗ ನಾನು ಹೇಳಲಿಲ್ಲ ಎನ್ನುವುದಷ್ಟೇ ನಮ್ಮಿಬ್ಬರಿಗೂ ಗೊತ್ತಿರುವುದು.

"ನಾನು ಇನ್ನೂರ ಹನ್ನೆರಡು ಜನರ ಹೊಟ್ಟೆಗೆ ಟೇಪು ಹಿಡಿದೆ," ಎಂದಳು, ನನಗಲ್ಲದೆ ಪ್ಯಾಂಟಿಗೆ ಹೇಳುವಂತೆ. "ನೀವು ಹೇಳ್ಕೊಟ್ಟ ಹಾಗೇ ಎಲ್ರನ್ನೂ ಮಕ್ಕಳೆಷ್ಟು ಅಂತ ಕೇಳಿದೆ. ಅಪ್ಪನ್ನ ಮಾತ್ರ ಕೇಳ್ಲಿಲ್ಲ. ಕೇಳಿದ್ರೆ, ಒಬ್ಳೇ ಮಗಳು ಅಂತಿದ್ರು. ಅಷ್ಟು ಹೇಳೋಷ್ಟರಲ್ಲಿ ಉಸಿರು ಬಿಡ್ತಿದ್ರು, ಅಲ್ವಾ ಮಾಮ?"

ನಾನು ಕೈಚಾಚಿ ಪ್ಯಾಂಟನ್ನು ಮೊಳೆಯಿಂದ ತೆಗೆಯಲು ಹೋದೆ. "ಕೊಡು, ಹಿಂದೆ ನಾಲ್ಕು ಹೊಲಿಗೆ ಹಾಕಿ ಮುಚ್ಚಿ ಕೊಡ್ತೀನಿ."

"ಬೇಡ. ಬಿಚ್ಚಿದ ಹಾಗೇ ಇರ್ಲಿ."

ಅವಳೇ ತೆಗೆದಳು. ನಾನು ಪೇಪರು ಹರಿದು ಕೊಟ್ಟದ್ದನ್ನು ತೆಗೆದುಕೊಳ್ಳದೆ, ಗೆರೆಗಳು ಮೇಲೆ ಬರುವಂತೆ ಮಡಚಿ ತೋಳಿನ ಮೇಲೆ ಹಾಕಿಕೊಂಡಳು. ಬಾಗಿಲವರೆಗೆ ಹೋಗಿ ನಿಂತಳು. ಚಿಕ್ಕಂದಿನಿಂದ ನನ್ನ ಅಂಗಡಿಯಿಂದ ಹೊರಡುವಾಗಲೆಲ್ಲ ಅವಳು "ಬರ್ತೀನಿ ಮಾಮ" ಎನ್ನುತ್ತಿದ್ದಳು. ಮತ್ತೆ ಬರುವವರು ಹಾಗೆಯೇ ಹೇಳುತ್ತಾರೆ.

"ಹೋಗ್ತೀನಿ ಮಾಮ," ಎಂದಳು.

ಹೊರಗಿನ ಬೆಳಕು ಒಮ್ಮೆ ಒಳಗೆ ಬಂತು. ಜಂಬಣ್ಣ ಬಿಗಿದಿದ್ದ ಸ್ಪ್ರಿಂಗಿನಲ್ಲಿ ಈಗ ಹಿಂದಿನ ಬಲವಿರಲಿಲ್ಲ; ಬಾಗಿಲು ಅವಳ ಹಿಂದೆ, ಬಡಿದುಕೊಳ್ಳದೆ, ನಿಧಾನವಾಗಿ ಮುಚ್ಚಿಕೊಂಡಿತು.